ತಿರುಗಾಟದ ಪತ್ರಗಳು: ದಿವಾರ್ ದ್ವೀಪಕ್ಕೆ ಎರಡು ಫೆರಿ

ಹಳೇ ಗೋವಾ ಬಗ್ಗೆ ಬರೆದಿದ್ದ ಲೇಖನದ ಕೊನೆಯಲ್ಲಿ, "ಎದುರು ದಡದಲ್ಲಿ ಕಾಣುವ ದಿವಾರ್ ದ್ವೀಪಕ್ಕೂ ಹೋಗಿಬನ್ನಿ" ಅಂತ ಒಂದು ಸಾಲು ಸೇರಿಸಿದ್ದೆ. ಚರ್ಚುಗಳ ಬಗ್ಗೆ ಕಷ್ಟಪಟ್ಟು ಬರೆದ ಅಷ್ಟು ಪುಟಗಳನ್ನು ಬಿಟ್ಟು ಎಲ್ಲರೂ ಆ ಒಂದು ಸಾಲನ್ನೇ ಹಿಡಿದುಕೊಂಡಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ದಿವಾರ್‌ಗೆ.

ಗೋವಾದಲ್ಲಿ ನಮಗೆ ಸಿಗುವುದು ಒಂದು ದಿನ. ಜೊತೆಗೆ ಇಬ್ಬರು ಮಕ್ಕಳು. ದಿವಾರ್‌ನಲ್ಲಿ ನೋಡುವಂಥದ್ದು ಏನಿದೆ?
— ಓದುಗರೊಬ್ಬರು, ಹುಬ್ಬಳ್ಳಿ

ನೋಡುವ ಜಾಗಗಳ ಪಟ್ಟಿ ಮಾಡಿದರೆ ತುಂಬಾ ಚಿಕ್ಕದು. ಬೀಚ್ ಇಲ್ಲ. ಇದು ಸಮುದ್ರದ ದ್ವೀಪ ಅಲ್ಲ, ಮಾಂಡೋವಿ ನದಿಯ ನಡುವೆ ಇರುವ ದ್ವೀಪ. ಗುಡ್ಡದ ಮೇಲೆ ಒಂದು ಚರ್ಚು, ಕೆಳಗೆ ಗದ್ದೆಗಳು, ಹಂಚಿನ ಹಳೇ ಮನೆಗಳು, ಒಂದು ಪುರಾತನ ಕೆರೆ. ಅಷ್ಟೇ. ಸೇತುವೆ ಇಲ್ಲದ ಕಾರಣ ಜನಜಂಗುಳಿಯೂ ಇಲ್ಲ.

ಮಕ್ಕಳಿಗೆ ಖುಷಿ ಕೊಡುವುದು ಫೆರಿ. ಹಳೇ ಗೋವಾದ ಸೇ ಕ್ಯಾಥೆಡ್ರಲ್ ಕಡೆಯಿಂದ ನದಿಯತ್ತ ಇಳಿದರೆ ವೈಸ್‌ರಾಯ್ ಕಮಾನು ಬರುತ್ತದೆ. ಪೋರ್ಚುಗಲ್‌ನಿಂದ ಬಂದ ಹೊಸ ವೈಸ್‌ರಾಯ್‌ಗಳು ಹಡಗಿನಿಂದ ಇಳಿದು ಊರೊಳಗೆ ಬರುತ್ತಿದ್ದ ಬಾಗಿಲು ಅದು. ಈಗ ಅದರ ಅಡಿಯಲ್ಲೇ ಸ್ಕೂಟರು, ಮೀನಿನ ಬುಟ್ಟಿ, ಶಾಲೆ ಮಕ್ಕಳು ಎಲ್ಲ ಹಾದು ಫೆರಿ ಹತ್ತುತ್ತಾರೆ. ಕೆಲವೇ ನಿಮಿಷದ ದಾರಿ.

ನನ್ನ ಸಲಹೆ ಇಷ್ಟೇ: ಹೋದ ಫೆರಿಯಲ್ಲೇ ವಾಪಸ್ ಬರಬೇಡಿ. ದ್ವೀಪವನ್ನು ಅಡ್ಡ ದಾಟಿ ಉತ್ತರದ ತುದಿಗೆ ಹೋಗಿ. ಅಲ್ಲಿಂದ ಆಚೆ ದಡದ ನಾರ್ವೆ ಅನ್ನುವ ಹಳ್ಳಿಗೆ ಇನ್ನೊಂದು ಫೆರಿ ಇದೆ. ದಿವಾರ್‌ನ ಅರ್ಧ ಕಥೆ ದ್ವೀಪದಲ್ಲಿದೆ, ಇನ್ನರ್ಧ ಆ ದಡಕ್ಕೆ ಹೋಗಿಬಿಟ್ಟಿದೆ. ಯಾಕೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ನಮ್ಮ ಬನವಾಸಿಯ ಕದಂಬರಿಗೂ ಈ ದ್ವೀಪಕ್ಕೂ ಸಂಬಂಧ ಇದೆ ಎಂದು ಕೇಳಿದ್ದೇನೆ. ನಿಜವೇ?
— ಓದುಗರೊಬ್ಬರು, ಶಿರಸಿ

ನಿಜ. ಇದೊಂದು ಪತ್ರ ಬಾರದಿದ್ದರೆ ನಾನೇ ಬರೆದುಕೊಳ್ಳುತ್ತಿದ್ದೆನೇನೋ!

ಬನವಾಸಿಯ ಮೂಲ ಕದಂಬರ ಆಳ್ವಿಕೆ ಮುಗಿದು ಶತಮಾನಗಳಾದ ಮೇಲೆ, ಅದೇ ವಂಶದ ಹೆಸರು ಹೇಳಿಕೊಂಡು ಗೋವಾದಲ್ಲಿ ಒಂದು ಮನೆತನ ಆಳಿತು. ಮೊದಲು ಚಂದ್ರಪುರ, ಅಂದರೆ ಇವತ್ತಿನ ಚಾಂದೋರ್, ಅವರ ರಾಜಧಾನಿ. 11ನೇ ಶತಮಾನದಲ್ಲಿ ಜುವಾರಿ ನದಿ ದಂಡೆಯ ಗೋಪಕಪಟ್ಟಣಕ್ಕೆ ಬಂದರು. ಹಡಗು, ಬಂದರು, ಸುಂಕ ಇವರ ಬಲ. ಸಮುದ್ರದ ಕಡೆ ಮುಖ ಮಾಡಿ ಕೂತಿದ್ದರೂ ಶಾಸನಗಳಲ್ಲಿ "ಬನವಾಸಿ ಪುರವರಾಧೀಶ್ವರ" ಅನ್ನುವ ಬಿರುದನ್ನು ಬಿಡಲಿಲ್ಲ. ಊರು ಬಿಟ್ಟು ಬಂದವರಿಗೇ ಊರಿನ ಹೆಸರಿನ ಮೇಲೆ ಅಭಿಮಾನ ಜಾಸ್ತಿ, ಅಲ್ವಾ?

ಅವರ ಕುಲದೇವರು ಸಪ್ತಕೋಟೇಶ್ವರ. ಆ ದೇವಸ್ಥಾನ ಇದ್ದದ್ದು ದಿವಾರ್ ದ್ವೀಪದ ಹಳೇ ನಾರ್ವೆಯಲ್ಲಿ. ರಾಜರ ಬಿರುದಿನಲ್ಲೂ ಈ ದೇವರ ಹೆಸರಿತ್ತು, ಸಿಂಹದ ಗುರುತಿನ ಅವರ ಚಿನ್ನದ ಗದ್ಯಾಣಗಳ ಮೇಲೂ ಇತ್ತು. ಒಂದು ರಾಜ್ಯದ ನಾಣ್ಯದ ಮೇಲೆ ಹೆಸರಿದ್ದ ದೇವರು ಈ ಗದ್ದೆಗಳ ನಡುವೆ ಇದ್ದ ಅಂತ ಅಲ್ಲಿ ನಿಂತು ಯೋಚಿಸಿದರೆ ತಮಾಷೆ ಅನಿಸುತ್ತದೆ.

ಆಮೇಲಿನದು ಒಡೆಯುವ, ಕಟ್ಟುವ ಕಥೆ. 14ನೇ ಶತಮಾನದಲ್ಲಿ ಬಹಮನಿ ಸೈನ್ಯದ ಕಾಲಕ್ಕೆ ದೇವಸ್ಥಾನ ಹಾಳಾಯಿತು. ಅದೇ ಶತಮಾನದ ಕೊನೆಗೆ ವಿಜಯನಗರದ ಮಾಧವ ಮಂತ್ರಿ ಗೋವಾವನ್ನು ಹಿಡಿತಕ್ಕೆ ತಂದು ಲಿಂಗವನ್ನು ಮತ್ತೆ ಪ್ರತಿಷ್ಠಾಪಿಸಿದ. 1510ರಲ್ಲಿ ಪೋರ್ಚುಗೀಸರು ಬಂದರು. 1560ರ ಹೊತ್ತಿಗೆ ದೇವಸ್ಥಾನ ಮತ್ತೆ ನೆಲಸಮ. ಆ ಲಿಂಗವನ್ನು ಬಾವಿಯಿಂದ ನೀರು ಸೇದುವುದಕ್ಕೆ ಕಲ್ಲಾಗಿ ಬಳಸುತ್ತಿದ್ದರಂತೆ. ಭಕ್ತರು ಅದನ್ನು ಅಲ್ಲಿಂದ ಬಿಡಿಸಿಕೊಂಡು ನದಿ ದಾಟಿಸಿದರು ಅಂತ ಆ ಕಡೆಯ ಜನ ಹೇಳುತ್ತಾರೆ. ಆಚೆ ದಡದ ಭಾಗ ಪೋರ್ಚುಗೀಸರ ಕೈಯಲ್ಲಿ ಇರಲಿಲ್ಲ. ಆಗಿನ ಜನಕ್ಕೆ ಈ ನದಿಯೇ ಗಡಿ.

ಆ ದಡದಲ್ಲಿ ಡಿಚೋಲಿ ತಾಲ್ಲೂಕಿನ ನಾರ್ವೆಯಲ್ಲಿ ದೇವರಿಗೆ ಹೊಸ ಮನೆಯಾಯಿತು. 1668ರಲ್ಲಿ ಶಿವಾಜಿ ಮಹಾರಾಜರು ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಬಾಗಿಲ ಮೇಲೆ ಅದನ್ನು ಹೇಳುವ ಶಾಸನ ಇವತ್ತಿಗೂ ಇದೆ. ಗೋವಾ ಸರ್ಕಾರ ದುರಸ್ತಿ ಮಾಡಿಸಿ 2023ರಲ್ಲಿ ಮತ್ತೆ ತೆರೆಯಿತು. ಹೊರಗಿನಿಂದ ನೋಡಿದರೆ ಗುಮ್ಮಟ, ದೀಪಸ್ತಂಭ, ಇಳಿಜಾರು ಹಂಚಿನ ಮಾಡು. ನಮ್ಮ ಕಣ್ಣಿಗೆ ದೇವಸ್ಥಾನ ಅನಿಸುವುದಕ್ಕೆ ಒಂದು ಕ್ಷಣ ಬೇಕು. ಒಳಗಿನ ಲಿಂಗ ಮಾತ್ರ ಮೈಸುತ್ತ ಉದ್ದುದ್ದ ಪಟ್ಟಿಗಳಾಗಿ ಕಡೆದ ಹಳೇ ಧಾರಾಲಿಂಗ.

ದ್ವೀಪದ ಹಳೇ ನಾರ್ವೆಯಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ಕೋಟಿತೀರ್ಥ ಅನ್ನುವ ಕೆರೆ. ಮೊದಲು ಅದನ್ನು ನೋಡಿ, ಆಮೇಲೆ ಫೆರಿ ಹತ್ತಿ ಸಪ್ತಕೋಟೇಶ್ವರನ ಹತ್ತಿರ ಹೋಗಿ. ದೇವರು ಹೋದ ದಾರಿಯಲ್ಲೇ ನೀವೂ ಹೋದಂತಾಗುತ್ತದೆ. ಕದಂಬರ ಹುಚ್ಚು ಇನ್ನೂ ಇಳಿಯದಿದ್ದರೆ ಮೊಲೆಂ ಕಾಡಿನ ಅಂಚಿನ ತಾಂಬ್ಡಿ ಸುರ್ಲಾಕ್ಕೆ ಹೋಗಿ, ಗೋವಾದಲ್ಲಿ ಆ ಕಾಲದ ದೇವಸ್ಥಾನ ಇಡಿಯಾಗಿ ಉಳಿದಿರುವುದು ಅಲ್ಲಿ. ಅಷ್ಟು ದೂರ ಯಾಕೆ, ನಿಮ್ಮ ಕಡೆಯಿಂದ ಬೆಳಗಾವಿಗೆ ಹೋಗುವ ದಾರಿಯಲ್ಲಿ ಕಿತ್ತೂರಿನ ಹತ್ತಿರ ದೇಗಾಂವ್ ಇದೆಯಲ್ಲ, ಅಲ್ಲಿನ ಕಮಲ ನಾರಾಯಣ ಗುಡಿ ಕಟ್ಟಿಸಿದವಳು ಇದೇ ಮನೆತನದ ರಾಣಿ ಕಮಲಾದೇವಿ.

ದೇವಸ್ಥಾನ ಒಡೆದ ಊರಿನಲ್ಲಿ ಚರ್ಚು ನೋಡಿ ಬನ್ನಿ ಎನ್ನುತ್ತೀರಲ್ಲ, ನಿಮಗೆ ಏನೂ ಅನಿಸುವುದಿಲ್ಲವೇ?
— ಓದುಗರೊಬ್ಬರು, ಮೈಸೂರು

ಅನಿಸುತ್ತದೆ. ಅನಿಸದೆ ಇರುವುದಕ್ಕೆ ಸಾಧ್ಯವಿಲ್ಲ. ಪಿಯೆದಾದ್ ಗುಡ್ಡದ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ ಇದೆ. ಅದು ಹಳೇ ದೇವಸ್ಥಾನವೊಂದರ ಉಳಿದ ಭಾಗ. ಒಳಗೆ ತಲೆ ಎತ್ತಿ ನೋಡಿದರೆ ಕದಂಬರ ಕಾಲದ ಕಲ್ಲಿನ ಕೆತ್ತನೆ ಕಾಣುತ್ತದೆ. ದ್ವೀಪದ ಗಣಪತಿಯೂ ಊರೂರು ಸುತ್ತಿ ಕೊನೆಗೆ ಖಾಂಡೋಳಾದಲ್ಲಿ ನೆಲೆಯಾದ. ಇದನ್ನೆಲ್ಲ ಮುಚ್ಚಿಟ್ಟು "ಸುಂದರ ದ್ವೀಪ" ಅಂತ ಬರೆಯುವುದು ನನಗೆ ಒಗ್ಗುವುದಿಲ್ಲ.

ಆದರೆ ಆ ಚರ್ಚನ್ನೂ ಸುಮ್ನೆ ಪೋರ್ಚುಗೀಸರ ಲೆಕ್ಕಕ್ಕೆ ಬರೆದುಬಿಡಬೇಡಿ. 18ನೇ ಶತಮಾನದ ಶುರುವಿನಲ್ಲಿ ಕಟ್ಟಿದ ಈಗಿನ ಕಟ್ಟಡದ ನಕ್ಷೆ ಮಾಡಿದವರು ಗೋವಾದವರೇ ಆದ ಪಾದ್ರಿ, ಆಂತೋನಿಯೊ ಜುವಾಂವ್ ಫ್ರಿಯಾಸ್. ಒಳಗಿನ ಗಾರೆ ಕೆಲಸದ ಹೂಬಳ್ಳಿ ನೋಡಿದರೆ ಸ್ಥಳೀಯರ ಕೈ ಗೊತ್ತಾಗುತ್ತದೆ. ಅಲ್ಲಿ ಭಾನುವಾರ ಪೂಜೆಗೆ ಬರುವ ಅಜ್ಜಿ 1560ರಲ್ಲಿ ಏನನ್ನೂ ಒಡೆದವಳಲ್ಲ. ಅವಳ ಹಿರಿಯರದ್ದೇ ದೇವಸ್ಥಾನ, ಅವಳದ್ದೇ ಚರ್ಚು. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದು ಕಷ್ಟ. ಆದರೂ ಮೇಲೆ ಹತ್ತಿ. ಚರ್ಚಿನ ಅಂಗಳದಿಂದ ನದಿಯಾಚೆ ಹಳೇ ಗೋವಾದ ಗೋಪುರಗಳು ಕಾಣುತ್ತವೆ. ಒಂದು ಕಾಲದ ಅಷ್ಟು ದೊಡ್ಡ ರಾಜಧಾನಿ ರೋಗರುಜಿನಕ್ಕೆ ಖಾಲಿಯಾಗಿ ಕಾಡು ಬೆಳೆಯಿತು, ಎದುರಿನ ಹಳ್ಳಿ ಮಾತ್ರ ಹಳ್ಳಿಯಾಗಿಯೇ ಉಳಿಯಿತು.

ದಿವಾರ್ ಗದ್ದೆಗಳ ಚಿತ್ರ ನೋಡಿದೆ. ನಮ್ಮ ಗಜನಿ ಭೂಮಿಯ ಹಾಗೇ ಇದೆಯಲ್ಲ?
— ಓದುಗರೊಬ್ಬರು, ಕುಮಟಾ

ಅದೇ! ನನ್ನ ತವರು ಅಘನಾಶಿನಿ ದಂಡೆ, ಹಾಗಾಗಿ ಫೆರಿ ಇಳಿದು ರಸ್ತೆಯ ಎರಡೂ ಕಡೆ ನೋಡಿದ ಕೂಡಲೇ ನನಗೂ ಗೊತ್ತಾಯಿತು. ಗೋವಾದವರು ಖಾಜನ್ ಅನ್ನುತ್ತಾರೆ. ನಮ್ಮಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಇದ್ದ ಹಾಗೆ ಅವರಲ್ಲಿ ಕೊರ್ಗುಟ್ ಇದೆ.

ಬೇರೆ ಓದುಗರಿಗಾಗಿ ಹೇಳುತ್ತೇನೆ. ಇದು ಉಬ್ಬರದ ನೀರು ನುಗ್ಗುವ ತಗ್ಗು ಜಾಗ. ಜನ ಮಣ್ಣು, ಕಲ್ಲಿನ ಒಡ್ಡು ಹಾಕಿ ನದಿಯನ್ನು ಹೊರಗಿಟ್ಟರು. ಒಡ್ಡಿನಲ್ಲಿ ಮರದ ಬಾಗಿಲು ಇರುತ್ತದೆ. ಉಬ್ಬರ ಬಂದರೆ ಹೊರಗಿನ ನೀರೇ ಒತ್ತಿ ಅದನ್ನು ಮುಚ್ಚುತ್ತದೆ. ಇಳಿತವಾದಾಗ ಒಳಗಿನ ನೀರು ತಳ್ಳಿ ತೆರೆಯುತ್ತದೆ. ಯಾರೂ ಕಾಯಬೇಕಿಲ್ಲ, ಕರೆಂಟೂ ಬೇಡ. ಮಳೆ ಬಂದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಭತ್ತ. ಬಾಗಿಲ ಬಾಯಿಗೆ ಬಲೆ ಕಟ್ಟಿದರೆ ಸಿಗಡಿ, ಮೀನು. ಬಾಗಿಲ ಹತ್ತಿರ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಆ ದುಡ್ಡಿನಲ್ಲಿ ಒಡ್ಡು ರಿಪೇರಿ ಮಾಡಿಸುವುದು ಊರಿನ ಗಾಂವ್ಕಾರಿಯ ಹಳೇ ಪದ್ಧತಿ. ಪೋರ್ಚುಗೀಸರು ಈ ಊರ ಕೂಟಗಳನ್ನು ಕೊಮುನಿದಾದ್ ಅಂತ ಕರೆದು ಹಾಗೇ ಉಳಿಸಿಕೊಂಡರು. ಕಂದಾಯ ಬರುತ್ತಿತ್ತಲ್ಲ!

ಬೇಜಾರಿನ ಸಂಗತಿಯೂ ನಮ್ಮದೇ ಥರ. ಒಡ್ಡು ಒಂದು ಕಡೆ ಒಡೆದರೆ ಉಪ್ಪುನೀರು ನುಗ್ಗಿ ಎಲ್ಲರ ಗದ್ದೆಯೂ ಹಾಳು. ಒಡ್ಡು ಕಾಯಬೇಕಾದ ಮಕ್ಕಳು ಊರಲ್ಲಿಲ್ಲ. ಕೆಲವರು ಕೊಲ್ಲಿ ದೇಶಗಳಲ್ಲಿ, ಕೆಲವರು ಪೋರ್ಚುಗಲ್, ಇಂಗ್ಲೆಂಡಿನಲ್ಲಿ. ಬೀಗ ಹಾಕಿದ ಮನೆಗಳು ದ್ವೀಪದಲ್ಲಿ ಸಾಕಷ್ಟಿವೆ. ನೀವು ಹೋದರೆ ಗದ್ದೆಯ ಕಡೆ ನಿಂತವರನ್ನು ಮಾತಾಡಿಸಿ. ನಿಮ್ಮ ಕೊಂಕಣಿಯ ಧಾಟಿ ಬೇರೆ ಇರಬಹುದು, ಒಡ್ಡಿನ ವಿಷಯ ತೆಗೆದರೆ ಮಾತು ನಿಲ್ಲುವುದಿಲ್ಲ.

ದ್ವೀಪಕ್ಕೆ ರೈಲಿನಲ್ಲಿ ಹೋಗಬಹುದಾ?
— ಓದುಗರೊಬ್ಬರು, ಉಡುಪಿ

ದ್ವೀಪದ ಮೇಲೆ ರೈಲು ಹೋಗುತ್ತದೆ, ನಿಲ್ಲುವುದಿಲ್ಲ. ಕೊಂಕಣ ರೈಲ್ವೆಯ ಹಳಿ ದಿವಾರ್ ಮೇಲೆಯೇ ಹಾದುಹೋಗಿದೆ, ಆದರೆ ಸ್ಟೇಷನ್ ಇಲ್ಲ. ಮುಂಬೈಗೆ ರೈಲಿನಲ್ಲಿ ಹೋಗಿಬರುವ ನಿಮ್ಮೂರಿನ ಎಷ್ಟೋ ಜನ ತಿಳಿಯದೆಯೇ ದಿವಾರ್ ದಾಟಿರುತ್ತಾರೆ. ನೀವು ಕರ್ಮಳಿಯಲ್ಲಿ ಇಳಿಯಿರಿ. ಅಲ್ಲಿಂದ ಹಳೇ ಗೋವಾ ಹತ್ತಿರ.

ಆಗಸ್ಟ್‌ನಲ್ಲಿ ಬೊಂದೆರಾಂ ಹಬ್ಬಕ್ಕೆ ಹೋದರೆ ಹೇಗೆ? ಮಳೆ ಕಾಟ ಕೊಡುತ್ತದಾ?
— ಓದುಗರೊಬ್ಬರು, ದಾವಣಗೆರೆ

ಮಳೆ ಬಂದೇ ಬರುತ್ತದೆ, ಕೊಡೆ ಇರಲಿ. ಆಗಸ್ಟ್ ತಿಂಗಳ ನಾಲ್ಕನೇ ಶನಿವಾರ ಹಬ್ಬ. ಹಿಂದೆ ದ್ವೀಪದ ಕೇರಿಗಳ ನಡುವೆ ಗಡಿ ಜಗಳ ಜೋರಾಗಿತ್ತಂತೆ. ಪೋರ್ಚುಗೀಸರು ಗಡಿ ಗುರುತಿಸಿ ಬಾವುಟ ನೆಟ್ಟರು, ಜನ ಅದನ್ನೇ ಹೊಡೆದು ಬೀಳಿಸಿದರು. ಈಗ ಆ ಜಗಳದ ನಾಟಕವೇ ಹಬ್ಬ. ಬಣ್ಣದ ಬಾವುಟಗಳ ಮೆರವಣಿಗೆ, ಬ್ಯಾಂಡು, ಬಿದಿರಿನ ಕೊಳವೆಯಲ್ಲಿ ಕಾಯಿ ತುಂಬಿ ಹೊಡೆಯುವ ಆಟದ ಬಂದೂಕು. ಅದಕ್ಕೆ ಫೊತಾಶ್ ಅಂತ ಹೆಸರು. ಮಜಾ ಇರುತ್ತದೆ. ಆದರೆ ಆ ದಿನ ಫೆರಿಗೆ ಉದ್ದ ಸಾಲು, ಶಾಂತಿ ಹುಡುಕಿಕೊಂಡು ಹೋಗುವ ದಿನ ಅದಲ್ಲ. ಶಾಂತವಾದ ದಿವಾರ್ ಬೇಕಿದ್ದರೆ ಸೆಪ್ಟೆಂಬರ್‌ನ ಯಾವುದಾದರೂ ಮಂಗಳವಾರ ಹೋಗಿ. ಗದ್ದೆ ಹಸಿರಾಗಿರುತ್ತದೆ, ಊರು ಊರಿನ ಪಾಡಿಗೆ ಇರುತ್ತದೆ.

ಗೆಳೆಯರ ಗುಂಪು, ಆರು ಬೈಕು. ರಾತ್ರಿ ಅಲ್ಲೇ ಉಳಿದು ಪಾರ್ಟಿ ಮಾಡುವ ಜಾಗ ಹೇಳಿ. ನದಿಯಲ್ಲಿ ಈಜಬಹುದಾ?
— ಓದುಗರೊಬ್ಬರು, ಬೆಂಗಳೂರು

ಪಾರ್ಟಿಗೆ ಗೋವಾದಲ್ಲಿ ಜಾಗಕ್ಕೆ ಬರವೇ? ಇದೊಂದನ್ನು ಬಿಟ್ಟುಬಿಡಿ.

ಈಜುವುದು ಬೇಡ. ಉಬ್ಬರ ಇಳಿತದ ಸೆಳೆತ ಜೋರು. ಅದೂ ಅಲ್ಲದೆ ಹತ್ತಿರದ ಕುಂಬಾರ್‌ಜುವಾ ಕಾಲುವೆಯಲ್ಲಿ ಮೊಸಳೆಗಳಿವೆ, ಅವನ್ನು ತೋರಿಸುವುದಕ್ಕೇ ದೋಣಿಗಳು ಹೋಗುತ್ತವೆ. ಬೈಕು ಬಾಡಿಗೆಗೆ ಪಡೆಯುವುದಾದರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ಪಡೆಯಿರಿ. ಬಿಳಿ ಪ್ಲೇಟಿನ ಗಾಡಿ ಕಡಿಮೆ ಬಾಡಿಗೆಗೆ ಸಿಕ್ಕಿತು ಅಂತ ತೆಗೆದುಕೊಂಡರೆ ಪೊಲೀಸರು ಹಿಡಿಯುತ್ತಾರೆ. ಮತ್ತೆ, ಯಾರದೋ ಮನೆಯ ಬಲ್ಕಾಂವ್ ಮೇಲೆ, ಅಂದರೆ ಅವರ ಜಗಲಿ ಕಟ್ಟೆ ಮೇಲೆ, ಹತ್ತಿ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ನಿಮ್ಮಮ್ಮನ ಮನೆ ಜಗಲಿಯಲ್ಲಿ ಪರಿಚಯವಿಲ್ಲದವರು ಬಂದು ಕೂತರೆ ಅವರು ಏನು ಹೇಳುತ್ತಾರೋ ಅದನ್ನೇ ದಿವಾರ್‌ನವರೂ ಕೊಂಕಣಿಯಲ್ಲಿ ಹೇಳುತ್ತಾರೆ.

ಫೆರಿಗೆ ಎಷ್ಟು ದುಡ್ಡು? ಊಟ ಸಿಗುತ್ತದಾ? ನಮಗೆ ವಯಸ್ಸಾಗಿದೆ, ನಡೆಯುವುದು ಕಷ್ಟ.
— ಓದುಗರ ದಂಪತಿ, ಗದಗ

ನಡೆದು ಹತ್ತುವವರಿಗೆ ಫೆರಿಯಲ್ಲಿ ದುಡ್ಡಿಲ್ಲ. ಕಾರು ಹತ್ತಿಸಿದರೆ ಸ್ವಲ್ಪ ಶುಲ್ಕ, ಚಿಲ್ಲರೆ ಇಟ್ಟುಕೊಳ್ಳಿ. ನಿಮಗೆ ಕಾರೇ ಸರಿ. ಪಣಜಿಯಲ್ಲಿ ಟ್ಯಾಕ್ಸಿ ಗೊತ್ತು ಮಾಡುವಾಗಲೇ "ದಿವಾರ್ ದಾಟಿ ನಾರ್ವೆ ದೇವಸ್ಥಾನಕ್ಕೆ ಹೋಗಬೇಕು" ಅಂತ ಪೂರ್ತಿ ಹೇಳಿ ಬಾಡಿಗೆ ಮಾತಾಡಿ, ಆಮೇಲೆ ತಕರಾರು ಬೇಡ. ಚರ್ಚಿನ ಗುಡ್ಡಕ್ಕೂ ರಸ್ತೆ ಇದೆ.

ಊಟಕ್ಕೆ ಮೀನು ತಿನ್ನುವವರಾದರೆ ಚಿಂತೆ ಇಲ್ಲ. ಸಸ್ಯಾಹಾರಿಗಳಾದರೆ ಪಣಜಿಯಲ್ಲೇ ಗಟ್ಟಿ ತಿಂಡಿ ತಿಂದು, ಜೊತೆಗೆ ಏನಾದರೂ ಕಟ್ಟಿಸಿಕೊಳ್ಳಿ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಸಣ್ಣ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಗೋವಾದವರ ಆ ನಿದ್ದೆಯನ್ನು ಪೋರ್ಚುಗೀಸರೂ ಕೆಡಿಸಲಿಲ್ಲ, ನಾವು ಯಾಕೆ ಕೆಡಿಸಬೇಕು? ಬೆಳಗ್ಗೆ ಬೇಗ ಹೊರಡಿ, ಬಿಸಿಲು ಏರುವ ಮೊದಲು ಕೋಟಿತೀರ್ಥ ಮುಗಿಸಿ.

ಇನ್ನೊಂದು ಮಾತು. ಹಳೇ ಗೋವಾದ ಪುರಾತತ್ವ ಮ್ಯೂಸಿಯಂನಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ, ನೋಡಿಕೊಂಡೇ ಫೆರಿ ಹತ್ತಿ. ಶುಕ್ರವಾರ ಮಾತ್ರ ಹೋಗಬೇಡಿ, ಅದಕ್ಕೆ ರಜೆ.