48 ಫ್ಲ್ಯಾಟಿನ ಸಂಘ: ಮೊದಲು ಡಿಕ್ಲರೇಶನ್ ನೋಡಿ

ನಮಸ್ಕಾರ ಸರ್. ಸಂಘವನ್ನು ಸೊಸೈಟಿ ಕಾಯ್ದೆಯಲ್ಲಿ ನೋಂದಾಯಿಸಿದ್ದೇವೆ, ಅಷ್ಟು ಸಾಕೇ, ಮೇಂಟೆನೆನ್ಸ್ ಕಟ್ಟದವರನ್ನು ಏನು ಮಾಡುವುದು ಎಂದು ಕೇಳಿದ್ದೀರಿ. ಸಾಲದು. 1960ರ ಸಂಘಗಳ ನೋಂದಣಿ ಕಾಯ್ದೆ ಇರುವುದು ಧರ್ಮಕಾರ್ಯ, ಶಿಕ್ಷಣದಂಥ ಉದ್ದೇಶಗಳಿಗೆ. ಫ್ಲ್ಯಾಟ್ ಮಾಲೀಕರ ಸಂಘ ಅದರಡಿ ಬರುವುದಿಲ್ಲ ಎಂದು ನಮ್ಮ ಹೈಕೋರ್ಟ್ ಹೇಳಿಯಾಗಿದೆ. ಬರೀ ವಾಸದ ಕಟ್ಟಡಕ್ಕೆ ಹೊಂದುವುದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ.

ಅದರ ಜೀವ ಇರುವುದು ಡೀಡ್ ಆಫ್ ಡಿಕ್ಲರೇಶನ್‌ನಲ್ಲಿ, ಅಂದರೆ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರದಲ್ಲಿ. ಬೈಲಾ ಲಗತ್ತಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದನ್ನು ನೋಂದಾಯಿಸಬೇಕು. ಜೊತೆಗೆ ಪ್ರತಿ ಮಾಲೀಕರೂ ಇದಕ್ಕೆ ಬದ್ಧ ಎಂಬ ಮುಚ್ಚಳಿಕೆಯಾದ ಫಾರಂ ಬಿ ಬರೆದುಕೊಡಬೇಕು. ಹೊಸದಾಗಿ ಡಿಕ್ಲರೇಶನ್ ಬರೆಸುವ ಮುಂಚೆ ಜಾಗದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಮಾರುವ ಮೊದಲೇ ಬಿಲ್ಡರ್ ಒಂದನ್ನು ನೋಂದಾಯಿಸಿಟ್ಟಿರಬಹುದು.

ಅತಿ ಹೆಚ್ಚು ತಪ್ಪಾಗುವುದು ಶೇಕಡಾವಾರು ಪಟ್ಟಿಯಲ್ಲಿ. ಜಾಗ ಮತ್ತು ಸಾಮಾನ್ಯ ಪ್ರದೇಶಗಳಲ್ಲಿ ಪ್ರತಿ ಫ್ಲ್ಯಾಟಿನ ಅವಿಭಾಜ್ಯ ಹಕ್ಕು ಎಷ್ಟು ಎಂಬುದನ್ನು ಇಡೀ ಆಸ್ತಿಯ ಮೌಲ್ಯದಲ್ಲಿ ಆ ಫ್ಲ್ಯಾಟಿನ ಮೌಲ್ಯಕ್ಕೆ ತಕ್ಕಂತೆ ಬರೆಯಬೇಕು. ಚದರಡಿಯ ದರ ಎಲ್ಲದಕ್ಕೂ ಒಂದೇ ಆದರೆ ಅಳತೆಯ ಲೆಕ್ಕವೇ ಸಾಕು. 1,000 ಚದರಡಿಯವು 24, 1,500ರವು 24 ಎಂದಿಟ್ಟುಕೊಳ್ಳಿ, ಒಟ್ಟು 60,000. ಚಿಕ್ಕದಕ್ಕೆ ಶೇ 1.6667, ದೊಡ್ಡದಕ್ಕೆ ಶೇ 2.5. ಎರಡೇ ದಶಮಾಂಶಕ್ಕೆ ನಿಲ್ಲಿಸಿ 1.67 ಎಂದು ಬರೆದರೆ ಮೊತ್ತ 100.08 ಆಗುತ್ತದೆ. ಹಾಗಾಗಿ ನಾಲ್ಕು ದಶಮಾಂಶ ಇಡಿ, ಪಕ್ಕದಲ್ಲಿ 1/60, 1/40 ಎಂದು ಭಿನ್ನರಾಶಿಯಲ್ಲೂ ಬರೆಸಿ. ಆಮೇಲೆ ಕ್ರಯಪತ್ರಗಳಲ್ಲಿರುವ ಯುಡಿಎಸ್ (ಜಾಗದ ಅವಿಭಾಜ್ಯ ಪಾಲು) ಚದರಡಿಗಳನ್ನೆಲ್ಲ ಕೂಡಿ ಷೆಡ್ಯೂಲ್‌ನ, ಅಂದರೆ ಆಸ್ತಿ ವಿವರದ ಪಟ್ಟಿಯ, ಜಾಗದ ಅಳತೆಗೆ ತಾಳೆ ನೋಡಿ. ಮೊತ್ತ ಕಡಿಮೆ ಬಂದರೆ ಉಳಿದ ಭಾಗ ಇನ್ನೂ ಬಿಲ್ಡರ್ ಹೆಸರಿನಲ್ಲಿದೆ ಎಂದರ್ಥ. ಇಲ್ಲಿ ಅವಸರ ಬೇಡವೇ ಬೇಡ, ಏಕೆಂದರೆ ನೋಂದಣಿಯಾದ ಶೇಕಡಾವಾರು ಬದಲಿಸಲು ಎಲ್ಲ ಮಾಲೀಕರ ಒಪ್ಪಿಗೆ ಬೇಕು, ಒಬ್ಬರು ತಕರಾರು ತೆಗೆದರೂ ಕೆಲಸ ನಿಂತಿತು. ಮತದ ತೂಕ ಇದರ ಮೇಲೆಯೇ; ಬಹುಮತವೆಂದರೆ ತಲೆ ಎಣಿಕೆಯಲ್ಲ, ಶೇ 51 ಪಾಲು.

ಖರ್ಚಿನ ಹಂಚಿಕೆಯೂ ಇದರಂತೆಯೇ. ತಿಂಗಳಿಗೆ 1,80,000 ರೂಪಾಯಿ ಆದರೆ ಚಿಕ್ಕದಕ್ಕೆ 3,000, ದೊಡ್ಡದಕ್ಕೆ 4,500. ‘ಲಿಫ್ಟ್ ಹತ್ತುವುದಿಲ್ಲ, ಮನೆಗೆ ಬೀಗ ಹಾಕಿದೆ’ ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಬಾಕಿ ಆ ಫ್ಲ್ಯಾಟಿನ ಮೇಲಿನ ಋಣಭಾರ. ಸರ್ಕಾರದ ಹಾಗೂ ಪಾಲಿಕೆಯ ತೆರಿಗೆ ಮತ್ತು ಮೊದಲ ಅಡಮಾನದ ಸಾಲ ಬಿಟ್ಟರೆ ಮುಂದಿನ ಸಾಲು ಅದಕ್ಕೇ. ನೀರು, ಕರೆಂಟು ಕಡಿತ ಮಾಡಲು ಹೋಗಬೇಡಿ, ಕೇಸು ನಿಮ್ಮ ಮೇಲೇ ತಿರುಗುತ್ತದೆ. ಬಾಕಿಯ ಲೆಕ್ಕ ತೋರಿಸಿ ಲಿಖಿತ ನೋಟಿಸ್ ಕೊಡಿ, ಸಭೆಯ ನಡಾವಳಿಯಲ್ಲಿ ದಾಖಲಿಸಿ, ಆಮೇಲೆ ವಕೀಲರನ್ನು ನೋಡಿ.

ಸಹಿ ಮಾಡುವ ಮುಂಚೆ ಕರಡಿನಲ್ಲಿ ತಾರಸಿ, ತೆರೆದ ಪಾರ್ಕಿಂಗ್, ಕ್ಲಬ್‌ಹೌಸ್ ಎಲ್ಲಿ ಬಂದಿವೆ ನೋಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಪ್ರಕಾರ ತೆರೆದ ಪಾರ್ಕಿಂಗ್ ಸಾಮಾನ್ಯ ಪ್ರದೇಶ. ತಾರಸಿಯ ಹಕ್ಕನ್ನು ಅಥವಾ ಡಿಕ್ಲರೇಶನ್ ತಿದ್ದುವ ಅಧಿಕಾರವನ್ನು ಬಿಲ್ಡರ್‌ಗೆ ಬಿಟ್ಟ ಸಾಲು ಕಂಡರೆ ಹೊಡೆದುಹಾಕಿಸಿ. ಕಟ್ಟಡದ ರಚನೆಯ ದೋಷ ಸ್ವಾಧೀನದಿಂದ 5 ವರ್ಷದೊಳಗೆ ತಿಳಿಸಿದರೆ 30 ದಿನದಲ್ಲಿ ಸರಿಪಡಿಸುವುದು ಬಿಲ್ಡರ್ ಹೊಣೆ.

ಮರುಮಾರಾಟಕ್ಕೆ ಎನ್ಒಸಿ (ನಿರಾಕ್ಷೇಪಣಾ ಪತ್ರ) ಕೇಳಿ ಬಂದಾಗ ಬಾಕಿ ಚುಕ್ತಾ ಮಾಡಿಸಿ, ಕೊಳ್ಳುವವರಿಂದ ಹೊಸ ಫಾರಂ ಬಿ ಬರೆಸಿಕೊಳ್ಳಿ.