ಬೀಗರ ಮನೆಯ ಗೋಡೆಯ ಮೇಲೆ ಅರ್ಧ ಹದ್ದು

ಪ್ರಶ್ನೆ: ಮಗಳನ್ನು ನೆದರ್‌ಲ್ಯಾಂಡ್ಸ್‌ನ ಲೇವಾರ್ಡನ್ ಊರಿಗೆ ಕೊಟ್ಟಿದ್ದೇವೆ. ಬೀಗರು ಅಲ್ಲಿನ ಫ್ರೀಸ್‌ಲ್ಯಾಂಡ್ ಪ್ರಾಂತದ ಫ್ರಿಸಿಯನ್ ಜನ. ಅವರ ನಡುಮನೆಯಲ್ಲಿ ಗುರಾಣಿಯಾಕಾರದ ಫಲಕವೊಂದಿದೆ. ಅದರ ಎಡಭಾಗದಲ್ಲಿ ಹಳದಿ ನೆಲದ ಮೇಲೆ ಕಪ್ಪು ಹದ್ದು, ಅದೂ ಅರ್ಧವೇ. ಬಲಭಾಗದಲ್ಲಿ ಮೂರು ಹಸಿರು ಎಲೆಗಳು. ‘ನಮ್ಮ ವಂಶದ ಲಾಂಛನ’ ಎಂದರು. ಇವರು ಹಿಂದೆ ಪಾಳೆಯಗಾರರಾಗಿದ್ದರೇ? ಮೊಮ್ಮಗನಿಗೂ ಇದು ಸಲ್ಲುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪಾಳೆಯಗಾರರ ಗುರುತು ಎಂದುಕೊಂಡಿರಿ, ಆ ಹದ್ದು ಸಾರುವುದು ಅದಕ್ಕೆ ತೀರ ತಿರುಗುಮುರುಗಾದ ಮಾತನ್ನು. ಕಪ್ಪು ಹದ್ದು ಪವಿತ್ರ ರೋಮನ್ ಸಾಮ್ರಾಟನ, ಅಂದರೆ ಜರ್ಮನಿ ಮತ್ತು ಸುತ್ತಲಿನ ನಾಡುಗಳ ಹಳೆಯ ಸಾಮ್ರಾಜ್ಯದ ಒಡೆಯನ ಚಿಹ್ನೆ. ಮಧ್ಯಯುಗದ ಯುರೋಪಿನಲ್ಲಿ ಬಹುಪಾಲು ರೈತರ ತಲೆಯ ಮೇಲೆ ಒಬ್ಬ ಒಡೆಯನಿದ್ದಾಗ, ಫ್ರಿಸಿಯನ್ನರು ‘ನಮಗೂ ಸಾಮ್ರಾಟನಿಗೂ ನಡುವೆ ಯಾವ ದೊರೆಯೂ ಇಲ್ಲ’ ಎಂದು ಹಟ ಹಿಡಿದಿದ್ದರು. ಈ ಸ್ವಾತಂತ್ರ್ಯವನ್ನು ಕ್ರಿ.ಶ. 800ರ ಸುಮಾರಿನ ಶಾರ್ಲಮೇನ್ ಚಕ್ರವರ್ತಿಯೇ ಕೊಟ್ಟನೆಂಬ ಶಾಸನವನ್ನೂ ತೋರಿಸುತ್ತಿದ್ದರು. ಅದು ಅವನು ಸತ್ತು ಶತಮಾನಗಳಾದ ಮೇಲೆ ಹುಟ್ಟಿದ ಖೊಟ್ಟಿ ಪತ್ರ! ಆದರೂ 1417ರಲ್ಲಿ ಆ ಸಾಮ್ರಾಜ್ಯದ ದೊರೆ ಸಿಗಿಸ್ಮಂಡ್ ಅವರ ಹಕ್ಕನ್ನು ಮಾನ್ಯ ಮಾಡಿದ. 1498ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಆಲ್ಬ್ರೆಕ್ಟ್‌ನನ್ನು ಅವರ ಮೇಲೆ ಅಧಿಪತಿಯಾಗಿ ನೇಮಿಸಿದಾಗ ಆ ಸ್ವಾತಂತ್ರ್ಯ ಮುಗಿಯಿತು. ಗುರಾಣಿಗಳ ಮೇಲಿನ ಹದ್ದು ಮಾತ್ರ ಹಾರಿಹೋಗಲಿಲ್ಲ.

ಹದ್ದು ಅರ್ಧವಾದದ್ದು ಬಣ್ಣ ಅಳಿಸಿಯಲ್ಲ. ಎರಡು ಲಾಂಛನಗಳನ್ನು ಒಂದೇ ಗುರಾಣಿಯಲ್ಲಿ ಕೂಡಿಸುವಾಗ ಒಂದೊಂದನ್ನೂ ನಡುವೆ ಸೀಳಿ ಇಡುವುದು ಯುರೋಪಿನ ಹಳೆಯ ಪದ್ಧತಿ. ನೀವು ಎಡ ಎಂದದ್ದು ಗುರಾಣಿ ಹಿಡಿದವನಿಗೆ ಬಲ. ಹೆಚ್ಚಿನ ಮರ್ಯಾದೆಯ ಜಾಗ. ಅಲ್ಲಿ ಸಾಮ್ರಾಜ್ಯದ ಹದ್ದು, ಇನ್ನೊಂದು ಬದಿಗೆ ಮನೆತನದ ಸ್ವಂತ ಗುರುತು. ಫ್ರೀಸ್‌ಲ್ಯಾಂಡ್‌ನ ಹಳೆಯ ಚರ್ಚುಗಳ ಗೋರಿಕಲ್ಲುಗಳಲ್ಲಿ ಇದೇ ಜೋಡಣೆ ಮತ್ತೆ ಮತ್ತೆ ಕಾಣುತ್ತದೆ.

ಮೂರು ಎಲೆಗಳು ಕ್ಲೋವರ್ ಇರಬೇಕು, ದನ ಮೇಯುವ ಗೋಮಾಳದಲ್ಲಿ ಬೆಳೆಯುವ ಮೇವು. ಸ್ವಂತ ಭೂಮಿಯ ರೈತರ ಗುರುತೆಂದು ಅದನ್ನು ಓದುವುದು ರೂಢಿ. ಓಕ್ ಕಾಯಿ, ಗುಲಾಬಿ, ನಕ್ಷತ್ರಗಳೂ ಅಲ್ಲಿ ಸಾಮಾನ್ಯ. ಒಂದೊಂದು ಚಿತ್ರಕ್ಕೂ ‘ಇದು ಶೌರ್ಯ, ಇದು ನಿಷ್ಠೆ’ ಎಂದು ಅರ್ಥ ಕಟ್ಟುವ ಪಟ್ಟಿಗಳು ಸಿಗುತ್ತವೆ. ನಾನು ಅವನ್ನು ನಂಬುವುದಿಲ್ಲ.

ಇಂಥ ಲಾಂಛನಕ್ಕೆ ನೆದರ್‌ಲ್ಯಾಂಡ್ಸ್‌ನಲ್ಲಿ ಕುಲೀನ ಪದವಿ ಬೇಕಿಲ್ಲ. ರೈತನೂ ವ್ಯಾಪಾರಿಯೂ ಇಟ್ಟುಕೊಳ್ಳಬಹುದಿತ್ತು, ಈಗಲೂ ಇಟ್ಟುಕೊಳ್ಳಬಹುದು. ಆದರೆ ಅದು ಅಡ್ಡಹೆಸರಿನದಲ್ಲ, ಒಂದು ವಂಶದ್ದು. ಅಲ್ಲಿ ಅನೇಕರು ಅಡ್ಡಹೆಸರು ನೋಂದಾಯಿಸಿದ್ದೇ ಆಗ ಆ ದೇಶವನ್ನು ಆಳುತ್ತಿದ್ದ ನೆಪೋಲಿಯನ್ನನ 1811ರ ಆಜ್ಞೆಯ ಮೇಲೆ. ಸಂಬಂಧವೇ ಇಲ್ಲದ ಎರಡು ಮನೆಗಳು ಒಂದೇ ಹೆಸರು ಬರೆಸಿದ್ದುಂಟು. ‘ನಿಮ್ಮ ಅಡ್ಡಹೆಸರಿನ ಲಾಂಛನ’ ಎಂದು ಮಾರುವ ಅಂಗಡಿಗಳ ಫಲಕ ಹಾಗಾಗಿ ಬರೀ ಅಲಂಕಾರ.

ಮೊಮ್ಮಗ ತಂದೆಯ ವಂಶದವನು. ಫಲಕ ನಿಜಕ್ಕೂ ಆ ವಂಶದ್ದಾದರೆ ಅವನಿಗೂ ಸಲ್ಲುತ್ತದೆ. ಇದನ್ನು ಮೊದಲು ಬಳಸಿದ ಹಿರಿಯ ಯಾರು, ಯಾವ ಮುದ್ರೆ ಅಥವಾ ಗೋರಿಕಲ್ಲಿನಲ್ಲಿದೆ ಎಂದು ಬೀಗರನ್ನೇ ಕೇಳಿ. ಆ ದೇಶದ 1795ರ ಕ್ರಾಂತಿಯ ಕಾಲದಲ್ಲಿ ಲಾಂಛನಗಳನ್ನು ನಿಷೇಧಿಸಿ ಕಲ್ಲುಗಳಿಂದ ಕೆತ್ತಿ ತೆಗೆದದ್ದರಿಂದ ಕಲ್ಲು ಬೋಳಾಗಿರಬಹುದು. ಆಗ ಹಳೆಯ ಪತ್ರಗಳ ಅರಗಿನ ಮುದ್ರೆ ನೆರವಾಗುತ್ತದೆ. ಪ್ರಾಂತದ ದಾಖಲೆಗಳನ್ನು ಇಟ್ಟಿರುವ ಟ್ರೆಸೋಆರ್ ಸಂಸ್ಥೆ ಲೇವಾರ್ಡನ್‌ನಲ್ಲೇ ಇದೆ. ಮಗಳೇ ಹೋಗಿ ವಿಚಾರಿಸಬಹುದು.