ಮುನ್ನೂರು ಜನ ಇದ್ದರೂ ನಮ್ಮ ಹಟ್ಟಿ ಊರಲ್ವಾ?

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಗೊಲ್ಲರಹಟ್ಟಿ. ಎಪ್ಪತ್ತು ಮನೆ, ಮುನ್ನೂರಕ್ಕಿಂತ ಜಾಸ್ತಿ ಜನ. ಓಟು ಹಾಕ್ತೀವಿ, ಪಂಚಾಯ್ತಿಗೆ ಕಂದಾಯ ಕಟ್ತೀವಿ. ಆದರೆ 2011ರ ಜನಗಣತಿ ಪಟ್ಟಿಯಲ್ಲಿ ಹಟ್ಟಿಯ ಹೆಸರಿಲ್ಲ. ಮನೆ ಇರುವ ಜಾಗದ ಪಹಣಿ ಬೇರೆಯವರ ಹೆಸರಲ್ಲಿದೆ. ಜನ ಕಮ್ಮಿ ಅಂತ ಹೀಗಾ? ಏನು ಮಾಡಬೇಕು ಹೇಳಿ.

ಉತ್ತರ: ಜನ ಕಮ್ಮಿ ಅನ್ನುವುದು ಕಾರಣವಲ್ಲ. ಜನಗಣತಿಯವರು ಹಳ್ಳಿ ಎಂದು ಪಟ್ಟಿ ಮಾಡುವುದು ಕಂದಾಯ ಗ್ರಾಮವನ್ನು. ಅದಕ್ಕೆ ಕಂದಾಯ ದಾಖಲೆಯಲ್ಲಿ ತನ್ನದೇ ಗಡಿ, ಸರ್ವೆ ನಂಬರ್ ಇರಬೇಕು. ಅಲ್ಲಿ ಎಷ್ಟು ಜನ ಇದ್ದಾರೆ ಎಂಬುದು ಆಮೇಲಿನ ಮಾತು. 2011ರಲ್ಲಿ ಕರ್ನಾಟಕದಲ್ಲಿ 29,340 ಗ್ರಾಮಗಳಿದ್ದವು. ಜನ ವಾಸವಿದ್ದದ್ದು 27,397ರಲ್ಲಿ. ಉಳಿದ 1,943 ಬೇಚರಾಕ್, ಅಂದರೆ ಜನವಸತಿ ಇಲ್ಲದ ಗ್ರಾಮಗಳು. ಒಂದು ಮನೆಯೂ ಇಲ್ಲದ ಊರಿಗೆ ಪಟ್ಟಿಯಲ್ಲಿ ಜಾಗ ಇದೆ, ಮಕ್ಕಳು ಮರಿ ತುಂಬಿದ ನಿಮ್ಮ ಹಟ್ಟಿಗೆ ಇಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಹಾಗಂತ ನಿಮ್ಮನ್ನು ಎಣಿಸಿಯೇ ಇಲ್ಲ ಅಂತಲ್ಲ. ನಿಮ್ಮ ಮುನ್ನೂರು ಜನರನ್ನು ಮೂಲ ಗ್ರಾಮದ ಲೆಕ್ಕಕ್ಕೆ ಸೇರಿಸಿರುತ್ತಾರೆ.

ಇದಕ್ಕೆ ದಾರಿ ಇದೆ. ತಾಂಡಾ, ಹಟ್ಟಿ, ಹಾಡಿ, ಮಜರೆಗಳನ್ನು (ಮೂಲ ಗ್ರಾಮಕ್ಕೆ ಸೇರಿದ ಸಣ್ಣ ಜನವಸತಿಗಳನ್ನು) ಕಂದಾಯ ಗ್ರಾಮ ಮಾಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಲೇ ಇದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲೇ ಸುಮಾರು 1,475 ದಾಖಲೆ ಇಲ್ಲದ ಜನವಸತಿಗಳು ಕಂದಾಯ ಗ್ರಾಮಗಳಾದವು. ಅಲ್ಲಿನ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಹಕ್ಕುಪತ್ರ ಕೊಡಲಾಯಿತು. ಹೆಚ್ಚಿನವರು ಲಂಬಾಣಿ ಕುಟುಂಬದವರು.

ಮೊದಲು ಮನೆಗಳು ನಿಂತಿರುವ ಸರ್ವೆ ನಂಬರ್‌ಗಳ ಪಹಣಿ ತೆಗೆಸಿ. ಜಾಗ ಖಾಸಗಿಯವರದಾದರೆ ಭೂ ಸುಧಾರಣಾ ಕಾಯ್ದೆಯ 38ಎ ಕಲಂ ನಿಮ್ಮ ಕಡೆಗಿದೆ. ವಾಸಿಸುವವನೇ ಮನೆಯೊಡೆಯ ಎನ್ನುವುದು ಅದರ ತಿರುಳು. ಸರ್ಕಾರಿ ಜಾಗಕ್ಕೆ ಭೂ ಕಂದಾಯ ಕಾಯ್ದೆಯಲ್ಲಿ ಬೇರೆ ಅವಕಾಶವಿದೆ. ಆಮೇಲೆ ಮನೆಗಳ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಿ. ಅದರ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ವೆ ಆಗಿ ನಕ್ಷೆ ಬಂದ ಮೇಲೆ ಅಧಿಸೂಚನೆ, ಆಕ್ಷೇಪಣೆ, ಕೊನೆಗೆ ಅಂತಿಮ ಅಧಿಸೂಚನೆ. ಸರ್ವೆ ದಿನ ಹಿರಿಯರು ಜೊತೆಗಿರಲಿ, ಯಾವ ಮನೆಯೂ ಗೆರೆಯಿಂದ ಆಚೆ ಉಳಿಯಬಾರದು.

ಕಂದಾಯ ಗ್ರಾಮ ಆದರೆ ನಿಮಗೇ ಬೇರೆ ಪಂಚಾಯ್ತಿ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಗ್ರಾಮ ಪಂಚಾಯ್ತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಬೇಕು. ನೀವು ಈಗಿನ ಪಂಚಾಯ್ತಿಯಲ್ಲೇ ಇರುತ್ತೀರಿ.

ಅಂಗನವಾಡಿಗೆ ಮಾತ್ರ ಇದೆಲ್ಲ ಮುಗಿಯಲಿ ಅಂತ ಕಾಯಬೇಡಿ. ಅದಕ್ಕೆ ನೋಡುವುದು ಜನವಸತಿಯ ಜನಸಂಖ್ಯೆಯನ್ನು. 150ರಿಂದ 400 ಜನರಿದ್ದರೆ ಮಿನಿ ಅಂಗನವಾಡಿ ಕೇಳಬಹುದು. ಹಟ್ಟಿಯಲ್ಲಿ ಇಲ್ಲದಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಈಗಲೇ ಅರ್ಜಿ ಹಾಕಿ.